ದಾನ ಬಂದ ಮೊಗವನ್ನು ಮರಳಿ ಕೇಳುತ್ತಿದ್ದಾರೆ: ಊರಿನ ಸಂಗ್ರಹಾಲಯ ಏನು ಮಾಡಬೇಕು?

ಪ್ರಶ್ನೆ: ಉಡುಪಿ ಜಿಲ್ಲೆಯ ಸಣ್ಣ ಪೇಟೆಯೊಂದರಲ್ಲಿ ನಾವು ಕೆಲವರು ಸೇರಿ ಇತಿಹಾಸ ಸಮಿತಿಯೊಂದನ್ನು ನಡೆಸುತ್ತಿದ್ದೇವೆ. ಹೆಚ್ಚಿನವರು ನಿವೃತ್ತ ಅಧ್ಯಾಪಕರು ಮತ್ತು ಬ್ಯಾಂಕಿನವರು. ಸಂಬಳ ಪಡೆಯುವವರು ಯಾರೂ ಇಲ್ಲ. ಹಂಚಿನ ಮಾಡಿನ ಹಳೆಯ ಶಾಲೆಯ ಎರಡು ಕೋಣೆಗಳಲ್ಲಿ ನಮ್ಮ ಸಂಗ್ರಹಾಲಯವಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಗುತ್ತಿನ ಮನೆಯ (ಊರಿನ ಹಿರಿಯ ಮನೆತನದ) ಯಜಮಾನರೊಬ್ಬರು ಹಿತ್ತಾಳೆಯ ಭೂತದ ಮೊಗವೊಂದನ್ನು (ದೈವದ ಮುಖವಾಡವನ್ನು) ತಂದುಕೊಟ್ಟಿದ್ದರು. ಈಗ ಅವರಿಲ್ಲ. ಅವರ ತಂಗಿಯ ಮಗಳ ಮಕ್ಕಳು ದೈವಸ್ಥಾನದ ಜೀರ್ಣೋದ್ಧಾರ ಕೈಗೊಂಡಿದ್ದು, ಮೊಗವನ್ನು ಮರಳಿ ಕೇಳುತ್ತಿದ್ದಾರೆ. ಯಜಮಾನರ ಸ್ವಂತ ಮಗನಾದರೋ "ಅಪ್ಪ ಕೊಟ್ಟದ್ದು, ನಿಮ್ಮಲ್ಲೇ ಇರಲಿ" ಎನ್ನುತ್ತಾರೆ. ನಮ್ಮಲ್ಲಿ ಕಾಗದಪತ್ರ ಯಾವುದೂ ಇಲ್ಲ. ವಸ್ತುಗಳನ್ನು ಸರ್ಕಾರದಲ್ಲಿ ನೋಂದಾಯಿಸೋಣವೆಂದರೆ, ಹಾಗೆ ಮಾಡಿದರೆ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತಾರೆಂದು ಸದಸ್ಯರೇ ಹೆದರುತ್ತಾರೆ. ಕಳೆದ ಮಳೆಗಾಲದಲ್ಲಿ ತಿಗಳಾರಿ ಲಿಪಿಯ ಓಲೆಗರಿ ಕಟ್ಟುಗಳಿಗೆ ಬೂಷ್ಟು ಹಿಡಿದಿದೆ. ಬಿಸಿಲಿಗೆ ಹಾಕಿ ತೆಂಗಿನೆಣ್ಣೆ ಹಚ್ಚಬೇಕೆಂದು ಒಬ್ಬರ ಸಲಹೆ. ನಮಗೆಲ್ಲ ವಯಸ್ಸಾಯಿತು. ಎಲ್ಲವನ್ನೂ ದೊಡ್ಡ ಸಂಸ್ಥೆಗೆ ಒಪ್ಪಿಸಿ ಸಮಿತಿಯನ್ನು ಮುಚ್ಚಿಬಿಡುವುದು ಒಳ್ಳೆಯದೇ?
— ಸಮಿತಿಯೊಂದರ ಕಾರ್ಯದರ್ಶಿ

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಚಿಂತೆಗಳಿವೆ. ಮೊಗದ ತಗಾದೆ, ಸರ್ಕಾರದ ಭಯ, ಬೂಷ್ಟು ಮತ್ತು ಸಮಿತಿಯ ಮುಂದಿನ ದಾರಿ. ಇವು ಬೇರೆಬೇರೆ ಎಂದು ನಿಮಗೆ ತೋರುತ್ತಿರಬಹುದು, ಆದರೆ ಕರಾವಳಿಯ ಸಣ್ಣ ಸಂಗ್ರಹಾಲಯಗಳ ಸಂರಕ್ಷಣೆಯ ಕೆಲಸದಲ್ಲಿ ನಾನು ಕಂಡಂತೆ ಇವುಗಳಲ್ಲಿ ಮೂರಕ್ಕಾದರೂ ಬೇರು ಒಂದೇ: ಯಾವ ವಸ್ತು ಯಾರಿಂದ, ಎಂದು, ಯಾವ ಮಾತಿನ ಮೇಲೆ ಬಂತು ಎಂಬುದು ಬರಹದಲ್ಲಿಲ್ಲ. ಅದು ಹಿರಿಯ ಸದಸ್ಯರ ನೆನಪಿನಲ್ಲಷ್ಟೇ ಇದೆ. ಬೂಷ್ಟನ್ನು ಒರೆಸಬಹುದು, ಸೋರುವ ಹಂಚನ್ನು ಬದಲಾಯಿಸಬಹುದು. ನೆನಪಿಟ್ಟುಕೊಂಡವರು ತೀರಿಹೋದ ಮೇಲೆ ವಸ್ತುವಿನ ಹಿನ್ನೆಲೆಯನ್ನು ಯಾವ ತಜ್ಞರೂ ಮರಳಿ ತರಲಾರರು. ಆದ್ದರಿಂದ ಸಮಿತಿಯ ಅತ್ಯಂತ ಹಿರಿಯರನ್ನು ಕೂರಿಸಿಕೊಂಡು ಬರೆಯುವ ಕೆಲಸವನ್ನು ಬೇರೆ ಯಾವ ಕೆಲಸಕ್ಕೂ ಕಾಯದೆ ಆರಂಭಿಸಿ ಎಂಬುದು ನನ್ನ ಮೊದಲ ಕೋರಿಕೆ.

ಮೊದಲು ಸರ್ಕಾರದ ಭಯವನ್ನು ನೋಡೋಣ, ಏಕೆಂದರೆ ನೀವು ಬರೆದಿಡಲು ಹಿಂಜರಿಯುತ್ತಿರುವುದಕ್ಕೆ ಅದೇ ಕಾರಣವೆಂದು ಕಾಣುತ್ತದೆ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಶಿಲ್ಪ, ನಾಣ್ಯ, ಶಾಸನ, ಕರಕುಶಲ ವಸ್ತು ಮುಂತಾದವು ಪುರಾತನ ವಸ್ತುಗಳೆನಿಸುತ್ತವೆ. ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿ ಮತ್ತು ದಾಖಲೆಗಳಿಗೆ 75 ವರ್ಷವಾದರೆ ಸಾಕು. ಇವುಗಳಲ್ಲಿ ಅಧಿಸೂಚಿತ ವರ್ಗಗಳನ್ನು, ಅಂದರೆ ಶಿಲ್ಪಗಳು, ವರ್ಣಚಿತ್ರಗಳು, ಚಿತ್ರಗಳಿರುವ ಹಸ್ತಪ್ರತಿಗಳು ಮುಂತಾದವನ್ನು, ನೋಂದಣಾಧಿಕಾರಿಯಲ್ಲಿ ನೋಂದಾಯಿಸಬೇಕು. ನೋಂದಣಿಯಾದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ವಸ್ತು ನಿಮ್ಮಲ್ಲೇ ಇರುತ್ತದೆ. ಅದು ಬೇರೆಯವರ ಕೈಗೆ ಹೋಗುವಾಗ ತಿಳಿಸಬೇಕಾಗುತ್ತದೆ. ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಪರವಾನಗಿ ಇಲ್ಲದೆ ಅದರ ವ್ಯಾಪಾರ ನಡೆಸುವಂತೆಯೂ ಇಲ್ಲ. ಒಂದೇ ಬಗೆಯ ನಾಣ್ಯಗಳು ಹಲವಿವೆಯೆಂದು ಕರೆಂಟು ಬಿಲ್ಲಿಗಾಗಿ ಒಂದೆರಡನ್ನು ಮಾರೋಣ ಎಂಬ ಮಾತು ಸಭೆಯಲ್ಲಿ ಬಂದರೆ ಅಲ್ಲೇ ತಡೆಯಿರಿ.

ಸದಸ್ಯರ ಭಯಕ್ಕೆ ಆಧಾರವೇ ಇಲ್ಲವೆಂದು ಹೇಳಿದರೆ ನಾನು ಪೂರ್ತಿ ಸತ್ಯ ಹೇಳಿದಂತಾಗುವುದಿಲ್ಲ. ಪುರಾತನ ವಸ್ತುವೊಂದನ್ನು ಸಾರ್ವಜನಿಕ ಸ್ಥಳದಲ್ಲಿ ರಕ್ಷಿಸುವುದು ಅಗತ್ಯವೆಂದು ಕಂಡರೆ ಪರಿಹಾರ ಕೊಟ್ಟು ಕಡ್ಡಾಯವಾಗಿ ಪಡೆಯುವ ಅಧಿಕಾರ ಇದೇ ಕಾಯ್ದೆಯಡಿ ಕೇಂದ್ರ ಸರ್ಕಾರಕ್ಕಿದೆ. ಆದರೆ ಪ್ರಾಮಾಣಿಕವಾಗಿ ಧಾರ್ಮಿಕ ಆಚರಣೆಯಲ್ಲಿ ಬಳಕೆಯಾಗುತ್ತಿರುವ ವಸ್ತುಗಳನ್ನು ಆ ಅಧಿಕಾರದಿಂದ ಹೊರಗಿಡಲಾಗಿದೆ. ಅಲ್ಲದೆ ಈ ಅಧಿಕಾರ ನೋಂದಣಿಯಿಂದ ಹುಟ್ಟುವುದಲ್ಲ. ನೋಂದಾಯಿಸದಿದ್ದರೂ ಅದು ಇದ್ದೇ ಇದೆ. ನೋಂದಾಯಿಸಬೇಕಾದದ್ದನ್ನು ನೋಂದಾಯಿಸದೆ ಇಟ್ಟುಕೊಳ್ಳುವುದರಲ್ಲೇ ಕಾನೂನಿನ ತೊಡಕಿದೆ, ಮತ್ತು ಕಳ್ಳತನವಾದಾಗ "ಇದು ನಮ್ಮದು" ಎಂದು ತೋರಿಸಲು ಫೋಟೋ ಸಹಿತವಾದ ದಾಖಲೆಯಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಸಂಗ್ರಹಾಲಯಗಳಿಗೆ ಇರುವ ವಿನಾಯಿತಿ ಖಾಸಗಿ ಸಮಿತಿಗೆ ತಾನಾಗಿ ಅನ್ವಯಿಸುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ. ಮಣ್ಣಿನಡಿ ಸಿಕ್ಕಿದ ವಸ್ತುಗಳ ವಿಚಾರ ಬೇರೆ. ತೋಟ ಅಗೆಯುವಾಗಲೋ ಬಾವಿ ತೋಡುವಾಗಲೋ ಸಿಕ್ಕಿದ ನಾಣ್ಯದ ಕುಡಿಕೆ, ತಾಮ್ರಪಟ ಇತ್ಯಾದಿ ನಿಧಿಯ ಕಾನೂನಿನ ವ್ಯಾಪ್ತಿಗೆ ಬರುತ್ತವೆ. ಅವನ್ನು ಕಂಡವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ಅಂಥದ್ದನ್ನು ಯಾರಾದರೂ ನೇರವಾಗಿ ನಿಮ್ಮ ಬಾಗಿಲಿಗೆ ತಂದರೆ ಕೃತಜ್ಞತೆಯಿಂದ ಕೂರಿಸಿ, ಕಾನೂನನ್ನು ತಿಳಿಸಿ, ಅವರ ಜೊತೆಯಲ್ಲೇ ಅರ್ಜಿ ಬರೆದುಕೊಡಿ. ಸುಮ್ಮನೆ ತೆಗೆದುಕೊಂಡು ಕಪಾಟಿನಲ್ಲಿಡಬೇಡಿ.

ಇನ್ನು ಮೊಗದ ವಿಚಾರ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ತುಳುನಾಡಿನ ಸಂಗ್ರಹಾಲಯಗಳಲ್ಲಿ ಇಂಥ ತಗಾದೆ ಹೆಚ್ಚುತ್ತಿದೆ ಮತ್ತು ಮೈಸೂರು ಕಡೆಯ ಅನುಭವದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಚರ ವಸ್ತುವನ್ನು ದಾನ ಮಾಡಲು ನೋಂದಾಯಿತ ದಾನಪತ್ರ ಇರಲೇಬೇಕೆಂದಿಲ್ಲ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯಂತೆ ದಾನದ ಉದ್ದೇಶದಿಂದ ವಸ್ತುವನ್ನು ಕೈಗೆ ಒಪ್ಪಿಸಿದರೂ ದಾನ ಪೂರ್ಣವಾಗುತ್ತದೆ. ಹಾಗಾಗಿ "ಕಾಗದವಿಲ್ಲ, ಆದ್ದರಿಂದ ದಾನವೇ ಅಲ್ಲ" ಎಂಬ ವಾದ ಸರಿಯಲ್ಲ. ಆದರೆ ದಾನ ಕೊಡುವವರಿಗೆ ಅದನ್ನು ಕೊಡುವ ಹಕ್ಕಿರಬೇಕು. ನಿಮ್ಮ ಪತ್ರದಲ್ಲಿರುವ ಗುತ್ತಿನ ಮನೆ ಅಳಿಯಸಂತಾನ ಕಟ್ಟಿನದೆಂದು, ಅಂದರೆ ಕುಟುಂಬ ಹೆಣ್ಣುಮಕ್ಕಳ ಸಂತತಿಯಲ್ಲಿ ಮುಂದುವರಿಯುವ ಪದ್ಧತಿಯದೆಂದು, ನಾನು ಊಹಿಸುತ್ತೇನೆ. ಅಲ್ಲಿ ಯಜಮಾನ ಕುಟುಂಬದ ಸ್ವತ್ತನ್ನು ನೋಡಿಕೊಳ್ಳುವವನೇ ಹೊರತು ಅದರ ಏಕೈಕ ಒಡೆಯನಲ್ಲ. ಅವರ ಸ್ವಂತ ಮಗ ತನ್ನ ತಾಯಿಯ ಕುಟುಂಬಕ್ಕೆ ಸೇರಿದವರು. ತಂಗಿಯ ಮಗಳ ಮಕ್ಕಳೇ ಆ ಕುಟುಂಬದ ಕವರಿನವರು (ಕವರು ಎಂದರೆ ಹೆಣ್ಣುಸಂತತಿಯ ಕವಲು). 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬಳಿಕ ಕುಟುಂಬದ ಆಸ್ತಿಯಲ್ಲಿ ಒಬ್ಬೊಬ್ಬರ ಪಾಲು ಮುಂದೆ ಯಾರಿಗೆ ಸೇರಬೇಕೆಂಬ ಕ್ರಮ ಬದಲಾಗಿದೆ ನಿಜ. ಆದರೆ ದೈವದ ಭಂಡಾರಕ್ಕೆ, ಅಂದರೆ ಅದರ ಆರಾಧನೆಯ ವಸ್ತುಗಳಿಗೆ, ಸೇರಿದ ಮೊಗ, ಖಡ್ಸಲೆ (ದೈವದ ಕತ್ತಿ), ಗಂಟೆಗಳನ್ನು ಯಾವ ಕುಟುಂಬವೂ ಒಬ್ಬರ ಪಾಲಿನ ಸೊತ್ತೆಂದು ಕಾಣುವುದಿಲ್ಲ. ಅವು ದೈವದ್ದು, ಕಾಯುವವರು ಮಾತ್ರ ಮನೆಯವರು. ಮಗ "ಇರಲಿ" ಎಂದ ಮಾತಿನ ಆಧಾರದ ಮೇಲೆ ನೀವು ಗಟ್ಟಿಯಾಗಿ ನಿಲ್ಲುವುದು ಕಷ್ಟ.

ಹಾಗೆಂದು ಕೇಳಿದವರ ಕೈಗೆ ನಾಳೆಯೇ ಕೊಟ್ಟುಬಿಡುವುದೂ ಸರಿಯಲ್ಲ. ಮೊದಲು ಮೂರು ಸಂಗತಿಗಳನ್ನು ತಿಳಿದುಕೊಳ್ಳಿ. ಆ ಮೊಗ ಭಂಡಾರದ್ದೋ, ಅಥವಾ ಹೊಸದನ್ನು ಒಪ್ಪಿಸಿದ ಮೇಲೆ ಕ್ರಮಪ್ರಕಾರ ಬಿಡಲಾದ ಹಳೆಯದೋ? ಕೇಳುತ್ತಿರುವವರು ಕುಟುಂಬದ ಎಲ್ಲ ಕವರುಗಳ ಪರವಾಗಿ ಕೇಳುತ್ತಿದ್ದಾರೆಯೋ, ಒಂದೇ ಕವರಿನವರೋ? ಅಂದು ಮೊಗವನ್ನು ತಂದಾಗ ಜೊತೆಗಿದ್ದವರು ಯಾರು, ಏನು ಮಾತಾಯಿತು? ಈ ಉತ್ತರಗಳನ್ನು ಹೇಳಿಕೆಯ ರೂಪದಲ್ಲಿ ಬರೆಸಿ, ದಿನಾಂಕ ಹಾಕಿ, ಸಹಿ ಪಡೆಯಿರಿ. ಕವರುಗಳಲ್ಲೇ ಭಿನ್ನಾಭಿಪ್ರಾಯವಿದ್ದರೆ, ಅವರು ಒಮ್ಮತಕ್ಕೆ ಬರುವವರೆಗೆ ಅಥವಾ ನ್ಯಾಯಾಲಯ ಹೇಳುವವರೆಗೆ ಮೊಗ ಸಮಿತಿಯ ವಶದಲ್ಲೇ ಇರುತ್ತದೆಂದು ವಿನಯದಿಂದ ಬರೆದು ತಿಳಿಸಿ. ಈ ಹಂತದಲ್ಲಿ ಕೌಟುಂಬಿಕ ಆಸ್ತಿಯ ವ್ಯಾಜ್ಯ ಬಲ್ಲ ಸ್ಥಳೀಯ ವಕೀಲರೊಬ್ಬರ ಅಭಿಪ್ರಾಯ ಪಡೆಯಲೇಬೇಕು. ನನ್ನ ಮಾತು ಅದಕ್ಕೆ ಬದಲಿಯಲ್ಲ.

ಕುಟುಂಬ ಒಂದಾಗಿ ಕೇಳುತ್ತಿದ್ದರೆ ನಿಮ್ಮ ಮುಂದೆ ಎರಡು ದಾರಿಗಳಿವೆ. ಪೂರ್ತಿ ಮರಳಿಸುವುದು ಒಂದು. ಒಡೆತನ ಕುಟುಂಬದ್ದೆಂದು ಒಪ್ಪಿಕೊಂಡು, ಕಾಲಾವಧಿ ನೇಮದ (ದೈವದ ವಾರ್ಷಿಕ ಉತ್ಸವದ) ದಿನಗಳಿಗೆ ಮೊಗ ದೈವಸ್ಥಾನಕ್ಕೆ ಹೋಗಿ ಉಳಿದ ದಿನಗಳಲ್ಲಿ ಸಂಗ್ರಹಾಲಯದಲ್ಲಿರುವಂತೆ ಒಪ್ಪಂದ ಮಾಡಿಕೊಳ್ಳುವುದು ಇನ್ನೊಂದು. ಎರಡನೆಯದು ನೋಡಲು ಚೆಂದ, ಆದರೆ ಅದರಲ್ಲಿ ಅಪಾಯ ಹೆಚ್ಚು. ಸಾಗಾಟದಲ್ಲಿ ಏಟಾದರೆ ಹೊಣೆ ಯಾರದು, ಭಂಡಾರ ಏರಿದ ಮೇಲೆ ಅದನ್ನು ಮತ್ತೆ ಗಾಜಿನ ಪೆಟ್ಟಿಗೆಯಲ್ಲಿ ಇಡುವುದಕ್ಕೆ ಊರವರು ಒಪ್ಪುತ್ತಾರೆಯೇ, ಕುಟುಂಬದ ಮುಂದಿನ ತಲೆಮಾರು ಒಪ್ಪಂದವನ್ನು ಮನ್ನಿಸುತ್ತದೆಯೇ ಎಂಬ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆಯುವುದು ಸುಲಭವಲ್ಲ. ಮೊಗ ಭಂಡಾರದ್ದೇ ಎಂದು ಖಚಿತವಾದರೆ ಮರಳಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದರಿಂದ ಸಂಗ್ರಹಾಲಯದ ಗೌರವ ಕುಗ್ಗುವುದಿಲ್ಲ. ಮರಳಿಸುವ ಮೊದಲು ಎಲ್ಲ ಬದಿಗಳಿಂದ ಫೋಟೋ ತೆಗೆದು, ಅಳತೆ ಮತ್ತು ತೂಕ ಬರೆದು, ಮನೆಯವರ ಬಾಯಿಂದ ಅದರ ಕತೆಯನ್ನು ಧ್ವನಿಮುದ್ರಿಸಿಕೊಳ್ಳಲು ಅನುಮತಿ ಕೇಳಿ. ಹೆಚ್ಚಿನ ಮನೆಯವರು ಸಂತೋಷದಿಂದ ಒಪ್ಪುತ್ತಾರೆ. ನೂರು ವರ್ಷ ಮೀರಿದ ಲೋಹದ ಮೊಗವಾದರೆ ನೋಂದಣಿಯ ಹೊಣೆ ಇನ್ನು ಅವರದೆಂದೂ ತಿಳಿಸಿಕೊಡಿ. ಇನ್ನೊಂದು ವಿಚಾರವನ್ನು ಮರೆಯಬೇಡಿ: ಕೊಡುವ ಮೊದಲು ಹುಣಸೆಹುಳಿ ಹಚ್ಚಿ ತಿಕ್ಕಿ ಹೊಳೆಯಿಸಬೇಡಿ. ಹುಳಿ ಲೋಹದ ಮೇಲ್ಪದರವನ್ನೇ ತಿನ್ನುತ್ತದೆ, ಸಣ್ಣ ಕೆತ್ತನೆಗಳು ಮಾಸುತ್ತವೆ. ಕಿವಿಯ ಸಂದಿನಲ್ಲಿ, ಹುಬ್ಬಿನ ಗೆರೆಗಳಲ್ಲಿ ಗಟ್ಟಿಯಾಗಿ ಕುಳಿತಿರುವ ಅರಸಿನ ಮತ್ತು ಎಣ್ಣೆಯ ಜಿಡ್ಡು ಕೊಳೆಯಲ್ಲ. ತಲೆಮಾರುಗಳು ಅದಕ್ಕೆ ಕೈಮುಗಿದದ್ದಕ್ಕೆ ಉಳಿದಿರುವ ಸಾಕ್ಷಿ ಅದು. ತಾಮ್ರಪಟ ಮತ್ತು ನಾಣ್ಯಗಳಿಗೂ ಇದೇ ಮಾತು. ಹುಳಿ ಹಚ್ಚಿ ತೊಳೆದದ್ದರಿಂದ ಅಕ್ಷರ ಕಳೆದುಕೊಂಡ ತಾಮ್ರಪಟಗಳನ್ನು ನಾನು ನೋಡಿದ್ದೇನೆ.

ಈ ಪರಿಸ್ಥಿತಿ ಮತ್ತೆ ಬಾರದಿರಲು ಬೇಕಾದದ್ದು ಒಂದು ದಪ್ಪ ರಟ್ಟಿನ ಪುಸ್ತಕ. ಸಂಗ್ರಹಾಲಯಗಳಲ್ಲಿ ಅದನ್ನು ಆಕ್ಸೆಶನ್ ರಿಜಿಸ್ಟರ್ ಎನ್ನುತ್ತಾರೆ. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿ, ಅಳಿಸಲಾಗದ ಶಾಯಿಯಲ್ಲಿ ಬರೆಯಿರಿ. ಕಂಪ್ಯೂಟರಿನ ಪಟ್ಟಿ ಇದರ ಪ್ರತಿಯಾಗಿರಲಿ, ಬದಲಿಯಾಗದಿರಲಿ. ಪ್ರತಿ ವಸ್ತುವಿಗೆ ವರ್ಷ, ಆ ವರ್ಷ ಬಂದ ದಾನದ ಕ್ರಮ, ಆ ದಾನದೊಳಗಿನ ವಸ್ತು ಎಂಬ ಮೂರು ಭಾಗದ ಸಂಖ್ಯೆ ಕೊಡಿ. 1998ರಲ್ಲಿ ಬಂದ ನಾಲ್ಕನೆಯ ದಾನದ ಎರಡನೆಯ ವಸ್ತು 1998.4.2 ಆಗುತ್ತದೆ. ಬಂದ ವರ್ಷವೇ ಗೊತ್ತಿಲ್ಲದ ವಸ್ತುಗಳಿಗೆ ಊಹೆಯ ವರ್ಷ ಹಾಕದೆ, ಪಟ್ಟಿ ಮಾಡಿದ ವರ್ಷವನ್ನೇ ಹಾಕಿ "ಹಿಂದೆ ಬಂದದ್ದು, ಮೂಲ ತಿಳಿದಿಲ್ಲ" ಎಂದು ಬರೆಯಿರಿ. ಮುಂದೆ ಓದುವವರಿಗೆ ತಪ್ಪು ಮಾಹಿತಿಗಿಂತ ಪ್ರಾಮಾಣಿಕವಾದ ಖಾಲಿ ಜಾಗ ಹೆಚ್ಚು ಉಪಯುಕ್ತ. ಸಂಖ್ಯೆಯನ್ನು ವಸ್ತುವಿನ ಮೇಲೆ ಮಾರ್ಕರ್ ಪೆನ್ನಿನಿಂದ ಬರೆಯುವುದು, ಅಂಟು ಚೀಟಿ ಹಚ್ಚುವುದು ಬೇಡ. ಲೋಹ ಮತ್ತು ಕಲ್ಲಿಗೆ ಸಂರಕ್ಷಕರು ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಲೇಪದ ಮೇಲೆ ಬರೆದರೆ ಬೇಕಾದಾಗ ಅಸಿಟೋನಿನಿಂದ ತೆಗೆಯಬಹುದು. ಓಲೆಗರಿ ಮತ್ತು ಬಟ್ಟೆಗೆ ಹತ್ತಿಯ ದಾರದಲ್ಲಿ ಕಟ್ಟಿದ ಚೀಟಿ ಸಾಕು. ಇನ್ನು ಮುಂದೆ ಬರುವ ಪ್ರತಿ ವಸ್ತುವಿಗೂ ಒಂದು ಪುಟದ ಪತ್ರವಿರಲಿ. ಅದರಲ್ಲಿ ಇದು ದಾನವೋ, ಎರವಲೋ, ಕೊಡುವವರಿಗೆ ಅಧಿಕಾರ ಹೇಗೆ ಬಂತು ಎಂಬುದು ಸ್ಪಷ್ಟವಾಗಿರಲಿ. ಅವಧಿಯಿಲ್ಲದ ಎರವಲನ್ನು ಒಪ್ಪಿಕೊಳ್ಳಲೇಬೇಡಿ.

ಪಟ್ಟಿ ಮಾಡುವಾಗ ನಿಮ್ಮ ಕಣ್ಣು ನಾಣ್ಯ ಮತ್ತು ಕತ್ತಿಗಳ ಮೇಲಷ್ಟೇ ಬೀಳದಿರಲಿ. ಕಪಾಟಿನ ಅಡಿಯಲ್ಲಿ ಕಟ್ಟಿಟ್ಟಿರುವ ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ತಾತ್ಕಾಲಿಕ ಗೇಣಿ) ಚೀಟಿಗಳು ನನ್ನ ದೃಷ್ಟಿಯಲ್ಲಿ ಇಂಥ ಸಂಗ್ರಹಾಲಯದ ಅತ್ಯಮೂಲ್ಯ ಸಂಪತ್ತು. 1956ರವರೆಗೆ ಮದ್ರಾಸು ಆಡಳಿತದಲ್ಲಿದ್ದ ಈ ಜಿಲ್ಲೆಯಲ್ಲಿ ಯಾರು ಯಾರ ಗದ್ದೆಯನ್ನು ಉಳುತ್ತಿದ್ದರು, ಎಷ್ಟು ಮುಡಿ ಅಕ್ಕಿ ಅಳೆಯುತ್ತಿದ್ದರು ಎಂಬುದು ಅವುಗಳಲ್ಲಿದೆ. 1974ರ ಭೂಸುಧಾರಣೆಯ ಬಳಿಕ ಇನ್ನು ಇವು ಬೇಡವೆಂದು ಎಷ್ಟೋ ಮನೆಗಳಲ್ಲಿ ಒಲೆಗೆ ಹಾಕಿದ್ದಾರೆ. ನಾಣ್ಯಕ್ಕೆ ಬೇರೆಡೆ ಜೋಡಿ ಸಿಕ್ಕೀತು, ಗೇಣಿ ಚೀಟಿಗೆ ಸಿಗದು.

ಬೂಷ್ಟಿನ ವಿಚಾರಕ್ಕೆ ಬರುತ್ತೇನೆ. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65–70 ದಾಟಿ ಕೆಲವು ದಿನ ನಿಂತರೆ ಬೂಷ್ಟು ಬರುತ್ತದೆ. ನಮ್ಮಲ್ಲಿ ಮಳೆಗಾಲವಿಡೀ ಅದು ದಾಟಿಯೇ ಇರುತ್ತದೆ. ಆದ್ದರಿಂದ ಬೂಷ್ಟು ನಿಮ್ಮ ನಿರ್ಲಕ್ಷ್ಯದ ಗುರುತಲ್ಲ. ಬಿಸಿಲು ಮತ್ತು ತೆಂಗಿನೆಣ್ಣೆ ಎರಡೂ ಬೇಡ. ಶ್ರೀತಾಳೆಯ ಗರಿ ಬಿಸಿಲಿಗೆ ಒಮ್ಮೆಲೆ ಒಣಗಿದರೆ ಸುರುಳಿಯಾಗಿ, ದಾರದ ತೂತಿನಿಂದ ಸೀಳುತ್ತದೆ. ತೆಂಗಿನೆಣ್ಣೆ ಆವಿಯಾಗುವುದಿಲ್ಲ, ಅಂಟಾಗಿ ಉಳಿದು, ಧೂಳನ್ನು ಹಿಡಿದು, ಗರಿಯನ್ನು ಕಪ್ಪಾಗಿಸಿ, ಒಂದಕ್ಕೊಂದು ಮೆತ್ತಿಸುತ್ತದೆ. ಹಿಂದಿನವರು ಎಣ್ಣೆ ಹಚ್ಚುತ್ತಿದ್ದರಲ್ಲ ಎಂದು ನೀವು ಕೇಳಬಹುದು. ಓಲೆಗರಿಗೆ ಹೊಂದುವುದು ಮಜ್ಜಿಗೆಹುಲ್ಲಿನ ಎಣ್ಣೆಯಂಥ ಬೇಗ ಆರಿಹೋಗುವ ಎಣ್ಣೆ, ಅದೂ ತೆಳುವಾಗಿ, ಗರಿಯನ್ನು ಶುಚಿಗೊಳಿಸಿದ ಮೇಲೆ, ತರಬೇತಿ ಪಡೆದವರ ಕೈಯಿಂದ. ಬಣ್ಣದ ಚಿತ್ರವಿರುವ ಗರಿಗಳಿಗೆ ಅದನ್ನೂ ಹಚ್ಚುವಂತಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಬೂಷ್ಟು ಹಿಡಿದ ಕಟ್ಟುಗಳನ್ನು ಉಳಿದವುಗಳಿಂದ ಬೇರ್ಪಡಿಸಿ, ಗಾಳಿಯಾಡುವ ಒಣ ನೆರಳಿನಲ್ಲಿ ಇಡಿ. ಬೂಷ್ಟು ಒಣಗಿ ಪುಡಿಯಾದ ಮೇಲೆ, ಹೊರಗಿನ ಜಗಲಿಯಲ್ಲಿ, ಮಾಸ್ಕ್ ಧರಿಸಿ, ಮೆತ್ತನೆಯ ಬ್ರಷ್‌ನಿಂದ ಗರಿಯ ಉದ್ದಕ್ಕೆ ಮಾತ್ರ ಸವರಿ. ಒದ್ದೆ ಬಟ್ಟೆ ಬೇಡ. ಕಂಠದಿಂದ (ಓಲೆ ಬರೆಯುವ ಲೋಹದ ಕಡ್ಡಿಯಿಂದ) ಕೊರೆದ ಅಕ್ಷರ ಉಳಿದರೂ ಅದರೊಳಗೆ ತುಂಬಿದ ಮಸಿ ಹೋಗುತ್ತದೆ. ಅಂಟಿಕೊಂಡ ಗರಿಗಳನ್ನು ಚಾಕು ತೂರಿಸಿ ಬಿಡಿಸದೆ ಸಂರಕ್ಷಕರಿಗೆ ಬಿಡಿ. ನಿಮ್ಮಲ್ಲಿ ಹುಣಸೆಬೀಜದ ಅಂಟು ಮತ್ತು ಮಸಿ ಬಳಿದ ಬಟ್ಟೆಯ ಕಡತಗಳಿದ್ದರೆ ಅವನ್ನು ಬ್ರಷ್ ಮುಟ್ಟಿಸದೆ ಮೊದಲು ಫೋಟೋ ತೆಗೆಯಿರಿ, ಬಳಪದ ಬರಹ ಕೈ ತಾಗಿದರೂ ಅಳಿಸುತ್ತದೆ. ಹಳೆಯ ಕಾಗದಗಳನ್ನು ಲ್ಯಾಮಿನೇಶನ್ ಮಾಡಿಸುವುದನ್ನು ಇಂದೇ ನಿಲ್ಲಿಸಿ. ಒಮ್ಮೆ ಮಾಡಿದ್ದನ್ನು ಹಾನಿಯಿಲ್ಲದೆ ಬಿಡಿಸಲಾಗದು.

ಕೋಣೆಗೆ ಎಸಿ ಹಾಕಿಸಲು ಯಾರಾದರೂ ದಾನಿಗಳು ಮುಂದೆ ಬಂದರೆ, ಹಗಲು ಹಾಕಿ ರಾತ್ರಿ ಆರಿಸುವ ಎಸಿಗಿಂತ ಎಸಿ ಇಲ್ಲದಿರುವುದೇ ಒಳ್ಳೆಯದೆಂದು ತಿಳಿಸಿ. ತಣ್ಣಗಾದ ವಸ್ತುವಿನ ಮೇಲೆ ರಾತ್ರಿಯ ತೇವದ ಗಾಳಿ ಹನಿಯಾಗಿ ಕೂರುತ್ತದೆ. ಅದರ ಬದಲು ಗಾಳಿಯಾಡದಂತೆ ಮುಚ್ಚುವ ಉತ್ತಮ ದರ್ಜೆಯ ಪ್ಲಾಸ್ಟಿಕ್ ಡಬ್ಬಗಳನ್ನು ಕೊಂಡು, ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳ ಜೊತೆ ಸಿಲಿಕಾ ಜೆಲ್ ಚೀಲ ಮತ್ತು ಸಣ್ಣ ತೇವಾಂಶಮಾಪಕ ಇಡಿ. ಒಳಗೆ ಶೇಕಡಾ 45ರಿಂದ 55ರ ನಡುವೆ ಇರಲಿ. ಅದಕ್ಕಿಂತ ಬಹಳ ಕೆಳಗಿಳಿದರೆ ಗರಿ ಪೆಡಸಾಗುತ್ತದೆ. ಒದ್ದೆ ಕಟ್ಟನ್ನು ಮಾತ್ರ ಎಂದೂ ಡಬ್ಬದಲ್ಲಿ ಮುಚ್ಚಬೇಡಿ. ಮುರಕಲ್ಲಿನ ಗೋಡೆ ನೆಲದ ನೀರನ್ನು ಮೇಲಕ್ಕೆ ಎಳೆಯುವುದರಿಂದ ಕಪಾಟುಗಳನ್ನು ಗೋಡೆಯಿಂದ ಅರ್ಧ ಅಡಿಯಾದರೂ ಮುಂದಕ್ಕೆ ಸರಿಸಿ. ಗೋಡೆಗೆ ಸಿಮೆಂಟು ಸಾರಣೆ ಮಾಡಿಸಿದರೆ ತೇವ ಒಳಗೇ ಉಳಿಯುತ್ತದೆ; ಸುಣ್ಣದ ಗಾರೆಯೇ ಸರಿ. ಮಾಡಿನ ಪಕ್ಕಾಸು, ರೀಪು, ಹಂಚುಗಳನ್ನು ಪತ್ತನಾಜೆಗೆ (ಮೇ ಕೊನೆಯ ಭಾಗಕ್ಕೆ) ಮುಂಚೆ ನೋಡಿಸಿ.

ಕೊನೆಯದಾಗಿ, ಸಮಿತಿಯನ್ನು ಮುಚ್ಚುವ ವಿಚಾರ. ದೊಡ್ಡ ಸಂಸ್ಥೆಗೆ ಹೋದರೆ ಎಲ್ಲವೂ ಸುರಕ್ಷಿತ ಎಂಬುದು ಅರ್ಧ ಸತ್ಯ. ವಸ್ತು ಉಳಿಯಬಹುದು, ಊರಿನೊಂದಿಗಿನ ನಂಟು ಉಳಿಯಬೇಕೆಂದಿಲ್ಲ. ಉಡುಪಿ ಜಿಲ್ಲೆಯದೇ ಆದ ಮೆಕ್ಕೆಕಟ್ಟಿನ ಹಳೆಯ ಮರದ ಭೂತಬಿಂಬಗಳು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ಉಳಿದಿವೆ, ದೇಶವಿದೇಶದವರು ನೋಡುತ್ತಾರೆ. ಬ್ರಹ್ಮಾವರದ ಶಾಲಾ ಮಕ್ಕಳು ಅವನ್ನು ನೋಡಬೇಕೆಂದರೆ ದೆಹಲಿಗೆ ಹೋಗಬೇಕು. ಆದರೆ ನಿಮ್ಮ ಕೈಯಲ್ಲಿ ಹಾಳಾಗುವುದನ್ನು ಅಭಿಮಾನಕ್ಕಾಗಿ ಹಿಡಿದಿಟ್ಟುಕೊಳ್ಳುವುದೂ ಸರಿಯಲ್ಲ. ಸಂಗ್ರಹವನ್ನು ವಿಂಗಡಿಸಿ. ಓಲೆಗರಿ ಮತ್ತು ಕಡತಗಳು ಅವನ್ನು ಓದಬಲ್ಲವರಿರುವಲ್ಲಿ ಇರಬೇಕು. ಉಡುಪಿಯ ಎಂಜಿಎಂ ಕಾಲೇಜಿನ ಆವರಣದ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವನ್ನು ಮೊದಲು ವಿಚಾರಿಸಿ. ಶಿಲ್ಪ, ಆಯುಧ, ನಾಣ್ಯಗಳಿಗೆ ಭದ್ರತೆ ಬೇಕು. ಮಂಗಳೂರಿನ ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯದವರೊಡನೆ ಮಾತನಾಡಬಹುದು. ನೇಗಿಲು, ಕಳಸೆ, ಫೋಟೋ, ಗೇಣಿ ಚೀಟಿಗಳು ಊರಿನಲ್ಲೇ ಇರಲಿ. ಅವನ್ನು ನೋಡಿಕೊಳ್ಳಲು ಎರಡು ಕೋಣೆ ಮತ್ತು ನಾಲ್ಕು ಜನ ಸಾಕು. ಹೊರಗೆ ಕಳಿಸುವ ಪ್ರತಿಯೊಂದನ್ನೂ ಮೊದಲು ಚೆನ್ನಾಗಿ ಛಾಯಾಚಿತ್ರಿಸಿ, ಚಿತ್ರದ ಫೈಲಿಗೆ ರಿಜಿಸ್ಟರಿನ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು, ಎರಡು ಬೇರೆ ಮನೆಗಳಲ್ಲಿ ಪ್ರತಿ ಇಡಿ. 2024ರಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿರುವುದರಿಂದ ಆ ಚಿತ್ರಗಳನ್ನು ಓದಿ ಕಂಪ್ಯೂಟರಿಗೆ ಮೂಲ ಲಿಪಿಯಲ್ಲೇ ಇಳಿಸುವ ಆಸಕ್ತಿ ಯುವಕರಲ್ಲಿ ಹುಟ್ಟುವ ಸಾಧ್ಯತೆಯೂ ಈಗ ಹೆಚ್ಚು.

ಮುಚ್ಚುವುದೇ ಅನಿವಾರ್ಯವಾದರೆ, ಸಂಘಗಳ ನೋಂದಣಿ ಕಾಯ್ದೆಯಡಿ ಉಳಿದ ಸೊತ್ತನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಸಮಾನ ಉದ್ದೇಶದ ಇನ್ನೊಂದು ಸಂಸ್ಥೆಗೆ ಸೇರಬೇಕು. ಯಾವ ಸಂಸ್ಥೆಗೆ ಎಂಬುದನ್ನು ಕೋರಂ ಇರುವಾಗಲೇ, ಅಂದರೆ ಮುಂದಿನ ಮಹಾಸಭೆಯಲ್ಲೇ, ಠರಾವು ಮಾಡಿಕೊಳ್ಳಿ. ಪಡೆಯುವ ಸಂಸ್ಥೆಯೊಂದಿಗಿನ ಪತ್ರದಲ್ಲಿ ದಾನಿಯ ಮನೆಯ ಮತ್ತು ಊರಿನ ಹೆಸರು ವಸ್ತುವಿನ ಜೊತೆಗೇ ಇರಬೇಕೆಂದು, ಸಂಗ್ರಹವನ್ನು ಮೂರನೆಯವರಿಗೆ ದಾಟಿಸುವ ಮುನ್ನ ನಿಮ್ಮ ಗ್ರಾಮ ಪಂಚಾಯತಿಗೆ ತಿಳಿಸಬೇಕೆಂದು, ದಾನ ಕೊಟ್ಟ ಮನೆಯವರು ಬಂದರೆ ಗೋದಾಮಿನಲ್ಲಿದ್ದರೂ ತೆಗೆದು ತೋರಿಸಬೇಕೆಂದು ಬರೆಸಿಕೊಳ್ಳಿ, ಮತ್ತು ನಿಮ್ಮ ರಿಜಿಸ್ಟರಿನ ಮೂಲ ಪುಸ್ತಕವನ್ನು ಕೊಡದೆ, ದೃಢೀಕರಿಸಿದ ನಕಲನ್ನು ಮಾತ್ರ ಕೊಡಿ.